ಮಕ್ಕಳ ಜೊತೆ ಕೊಡಚಾದ್ರಿ: ಔಷಧಿ ಚೀಲಕ್ಕೆ ಏನೇನು ಹಾಕ್ಬೇಕು?

ಬಸವನಗುಡಿ ಅಪ್ಪ:

ದಸರಾ ರಜೆಗೆ ಕೊಡಚಾದ್ರಿ ಹತ್ತೋಣ ಅಂತಿದೀವಿ. ಮಗಳು (11 ವರ್ಷ), ಅಣ್ಣನ ಮಗ (13), ಅವನ ಇಬ್ಬರು ಸ್ನೇಹಿತರು, ನಾನು, ನಮ್ಮ ಭಾವ. ಹಿಡ್ಲುಮನೆ ಜಲಪಾತದ ದಾರೀಲಿ ಹತ್ತೋದು, ಜೀಪಲ್ಲಿ ಇಳಿಯೋದು. ‘ನೂರು ಐಟಂ’ ಅಂತ ಹಾಕಿದ್ದ ಫಸ್ಟ್ ಏಡ್ ಡಬ್ಬ ಒಂದನ್ನ ಆನ್‌ಲೈನ್‌ನಲ್ಲಿ ತರಿಸಿದೆ. ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಗಾಯಕ್ಕೆ ಅಂಟಿಸೋ ಪಟ್ಟಿ, ಒಂದು ಮೊಂಡು ಕತ್ತರಿ, ಒಂದು ಸೀಟಿ. ಇಷ್ಟು ಸಾಕಾ? ಹಾವು, ಜಿಗಣೆ ಅಂದ್ರೆ ಹೆಂಡತಿಗೆ ಭಯ. ನಿಜ ಹೇಳ್ಬೇಕಂದ್ರೆ ನನಗೂ.

ಹೊಸನಗರದ ಪಿ.ಟಿ. ಮೇಷ್ಟ್ರು:

ಸೀಟಿ ಇಟ್ಕೊಳ್ಳಿ, ಮಿಕ್ಕಿದ್ದು ಆಮೇಲೆ ನೋಡೋಣ.

ನಾನು ಶಾಲೆ ಮಕ್ಕಳನ್ನ ಕೊಡಚಾದ್ರಿಗೆ ಕರ್ಕೊಂಡು ಹೋಗೋಕೆ ಶುರು ಮಾಡಿ 14 ವರ್ಷ ಆಯ್ತು. ಮೊದಮೊದಲು ನಂದೂ ಒಂದು ದೊಡ್ಡ ಡಬ್ಬ ಇತ್ತು, ಕೆಂಪು ಪ್ಲಸ್ ಗುರುತು ಬಳಿದದ್ದು. ಒಂದು ವರ್ಷ ಜಲಪಾತದ ಹತ್ತಿರ ಪಾಚಿ ಬಂಡೆ ಮೇಲೆ ಏಳನೇ ಕ್ಲಾಸಿನ ಹುಡುಗ ಜಾರಿದ. ಮೊಣಕಾಲಿನ ಕೆಳಗೆ ಸೀಳಿ ರಕ್ತ ಬಳಬಳ. ನಾನು ಇದ್ದದ್ದು ಸಾಲಿನ ಕೊನೇಲಿ, ಡಬ್ಬ ನನ್ನ ಬೆನ್ನ ಮೇಲೆ. ನಾನು ಮುಟ್ಟೋ ಹೊತ್ತಿಗೆ ಒಬ್ಬಳು ಹುಡುಗಿ ತನ್ನ ವೇಲನ್ನ ಮಡಚಿ ಗಾಯದ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿ ಕೂತಿದ್ದಳು. ರಕ್ತ ಆಗಲೇ ನಿಂತಿತ್ತು. ಡಬ್ಬ ತೆಗೆದವನು ಮಾಡಿದ್ದೇನು ಗೊತ್ತಾ? ಬ್ಯಾಂಡೇಜಿನ ಪ್ಲಾಸ್ಟಿಕ್ ಕವರನ್ನ ಒದ್ದೆ ಕೈಯಲ್ಲಿ ಹರಿಯೋಕಾಗದೆ ಹಲ್ಲಲ್ಲಿ ಕಚ್ಚಿದೆ.

ಆ ವರ್ಷದಿಂದ ಒಬ್ಬೊಬ್ಬ ಮಗುವಿನ ಚೀಲದಲ್ಲೂ ಒಂದೊಂದು ಪುಟ್ಟ ಗಂಟು. ಜಿಪ್ ಇರೋ ಕವರಿನೊಳಗೆ ಎರಡು ಗಾಜ್ (ಗಾಯದ ಮೇಲಿಡೋ ಜಾಳು ಬಟ್ಟೆ) ತುಂಡು, ಒಂದು ಸುತ್ತು ಬ್ಯಾಂಡೇಜ್ (ಕವರಿನ ಅಂಚನ್ನ ಮನೆಯಲ್ಲೇ ಕತ್ತರಿಯಿಂದ ಅರ್ಧ ಇಂಚು ಸೀಳಿಟ್ಟಿರಬೇಕು), ಅಂಟು ಪಟ್ಟಿ ಸ್ವಲ್ಪ, ಒಂದು ಓಆರ್‌ಎಸ್ ಪೊಟ್ಟಣ, ಒಂದು ಚೀಟಿ. ಚೀಟಿಯಲ್ಲಿ ಮನೆ ಫೋನ್, ರಕ್ತದ ಗುಂಪು, ತೂಕ, ಯಾವ ಔಷಧಿ ಆಗಿಬರಲ್ಲ ಅನ್ನೋದು. ಸೀಟಿ ಮಾತ್ರ ಚೀಲದೊಳಗಲ್ಲ, ಕೊರಳಲ್ಲಿ. ದಾರಿ ತಪ್ಪಿದ್ರೆ ಒಂದು ನಿಮಿಷದಲ್ಲಿ 6 ಸಲ ಊದೋದು, ಒಂದು ನಿಮಿಷ ಸುಮ್ನಿರೋದು, ಮತ್ತೆ 6. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತೆ, ಸೀಟಿ ಬೀಳಲ್ಲ.

ಈ ಗಂಟನ್ನ ನೀವು ಕಟ್ಟಿಕೊಡಬೇಡಿ, ಅವರ ಕೈಲೇ ಕಟ್ಟಿಸಿ. ಹೋಗೋಕೆ ಮುಂಚೆ ಮನೆಯಲ್ಲಿ ಎರಡು ಸಲನಾದ್ರೂ ಬಿಚ್ಚಿ ಬಳಸಲಿ. ಕ್ರೇಪ್ ಬ್ಯಾಂಡೇಜ್ 10 ಸೆಂ.ಮೀ. ಅಗಲದ್ದು ನಿಮ್ಮ ಚೀಲದಲ್ಲಿರಲಿ, ಆದ್ರೆ ಸುತ್ತೋಕೆ ಅವರೂ ಕಲೀಲಿ. ಪಾದದಿಂದ ಶುರು ಮಾಡಿ ಮೇಲಕ್ಕೆ, ಕಣಕಾಲಿನ ಹತ್ತಿರ ಎಂಟರ ಆಕಾರ. ಬೆರಳ ತುದಿ ಹೊರಗೇ ಇರಬೇಕು. ಕಟ್ಟಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಸೆಕೆಂಡಲ್ಲಿ ಕೆಂಪಗಾಗದಿದ್ರೆ ಬಿಗಿ ಆಯ್ತು ಅಂತ, ಬಿಚ್ಚಿ ಮತ್ತೆ ಕಟ್ಟಿ.

ಇನ್ನು ನಿಮ್ಮ ಜಿಗಣೆ. ನಾವು ಉಂಬಳ ಅಂತೀವಿ. ದಸರಾ ಹೊತ್ತಿಗೆ ಮಳೆ ಬಿಟ್ಟಿರದಿದ್ರೆ ಇದ್ದೇ ಇರ್ತವೆ. ಒಂದು ಹಿಡಿ ಉಪ್ಪನ್ನ ಬಟ್ಟೆಗೆ ಕಟ್ಟಿ, ಆ ಗಂಟನ್ನ ಕೋಲಿನ ತುದಿಗೆ ಬಿಗೀರಿ. ಬೂಟಿನ ಮೇಲೆ ಹತ್ತಿದ್ದಕ್ಕೆ ಮುಟ್ಟಿಸಿದ್ರೆ ಸಾಕು, ಉದುರುತ್ತೆ. ಆಗಲೇ ಕಚ್ಚಿಕೊಂಡಿದ್ರೆ ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ, ಹೊಟ್ಟೇಲಿದ್ದದ್ದನ್ನ ಗಾಯಕ್ಕೇ ಕಕ್ಕಬಹುದು. ಅದರ ಸಣ್ಣ ತುದಿ ಬಾಯಿ. ಆ ಕಡೆ ಉಗುರನ್ನ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ, ದೂರ ಎಸೀರಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ರಸ ಬಿಟ್ಟಿರುತ್ತೆ, ಅದಕ್ಕೇ ಗಂಟೆಗಟ್ಟಲೆ ಜಿನುಗುತ್ತೆ. ತೊಳೆದು, ಗಾಜ್ ಇಟ್ಟು ಕಟ್ಟಿ ನಡೀರಿ. ಬಿಳಿ ಸಾಕ್ಸ್ ಮಾತ್ರ ಹಾಕಿಸ್ಬೇಡಿ, ಒಂದು ಹನಿ ರಕ್ತ ಕಂಡ್ರೆ ನಾಲ್ಕೂ ಮಕ್ಕಳು ಒಟ್ಟಿಗೆ ಅಳ್ತಾರೆ.

ಬರಿಗಾಲ ಭೂಪ:

ಇಷ್ಟೆಲ್ಲ ಯಾಕ್ರೀ? ನಾವು ಚಿಕ್ಕವರಿದ್ದಾಗ ಬರಿಗಾಲಲ್ಲಿ ಗುಡ್ಡ ಹತ್ತಿ, ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪು ಜಜ್ಜಿ ಹಚ್ಚಿ ಮನೆಗೆ ಬರ್ತಿದ್ವಿ. ಹಾವು ಕಚ್ಚಿದ್ರೆ ಮೇಲೊಂದು ಹಗ್ಗ ಬಿಗೀತಿದ್ರು, ಅಷ್ಟೇ.

ತಾಲ್ಲೂಕು ಆಸ್ಪತ್ರೆ ನರ್ಸ್:

ಸೊಪ್ಪಿನ ವಿಷಯಕ್ಕೆ ಜಗಳ ಆಡಲ್ಲ. ಹಗ್ಗದ ವಿಷಯಕ್ಕೆ ಆಡ್ತೀನಿ. ಬಿಗಿಯಾಗಿ ಕಟ್ಟಿಕೊಂಡು ಬಂದ ಕಾಲುಗಳನ್ನ ನಾನು ಕಣ್ಣಾರೆ ನೋಡಿದೀನಿ, ಕಪ್ಪಗೆ ಊದಿರ್ತವೆ. ಹಗ್ಗ ಬೇಡ, ಕೊಯ್ಯೋದು ಬೇಡ, ಹೀರೋದು ಬೇಡ. ಉಂಗುರ, ಕಾಲ್ಗೆಜ್ಜೆ, ಬೂಟು ತೆಗೀರಿ. ಮಗುವನ್ನ ನಡೆಸ್ಬೇಡಿ. ಕಚ್ಚಿದ ಕಾಲಿಗೆ ಕೋಲು ಇಟ್ಟು, ಅಲುಗಾಡದಂತೆ ಸಡಿಲವಾಗಿ ಕಟ್ಟಿ, ಹೊತ್ತುಕೊಂಡು ಜೀಪಿನ ತನಕ ತನ್ನಿ, 108ಕ್ಕೆ ಫೋನ್ ಮಾಡಿ. ಬೆಟ್ಟದ ಮೇಲೆ ಸಿಗ್ನಲ್ ನಂಬಬೇಡಿ. ಹಾವಿನ ವಿಷದ ಇಂಜೆಕ್ಷನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಹೊರಡೋ ಹಿಂದಿನ ದಿನವೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಹಾವನ್ನ ಹೊಡೆದು ತರೋ ಸಾಹಸ ಬೇಡ. ಆ ಇಂಜೆಕ್ಷನ್ ತಯಾರಾಗೋದೇ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಸಿ. ಯಾವುದು ಕಚ್ಚಿದ್ರೂ ಲಕ್ಷಣ ನೋಡಿಯೇ ಡಾಕ್ಟರು ನಿರ್ಧಾರ ಮಾಡ್ತಾರೆ.

ಮೇಷ್ಟ್ರು ಚೀಟಿಯಲ್ಲಿ ತೂಕ ಬರೆಸಿದ್ದು ಯಾಕೆ ಅಂತ ಹೇಳಲಿಲ್ಲ. ಪ್ಯಾರಾಸಿಟಮಾಲ್ ಲೆಕ್ಕ ಕಿಲೋಗೆ 15 ಮಿ.ಗ್ರಾಂ. ಮಗಳು 30 ಕಿಲೋ ಇದ್ರೆ 450 ಮಿ.ಗ್ರಾಂ, ಅಂದ್ರೆ 5 ಮಿ.ಲೀ.ಗೆ 250 ಇರೋ ಸಿರಪ್ 9 ಮಿ.ಲೀ. ಮತ್ತೆ ಬೇಕಾದ್ರೆ 6 ಗಂಟೆ ಕಳೆದ ಮೇಲೆ. ಸಿರಪ್ ಬಾಟಲಿ ಮೇಲಿನ ಸಂಖ್ಯೆ ಓದದೆ ಮುಚ್ಚಳದಲ್ಲಿ ಅಳೆದು ಹಾಕ್ಬೇಡಿ, 120 ಇರೋ ಬಾಟಲಿಯೂ ಅಂಗಡೀಲಿ ಸಿಗುತ್ತೆ. ಮಕ್ಕಳಿಗೆ ಆಸ್ಪಿರಿನ್ ಬೇಡ. ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಅಂತಿದ್ರೆ 1 ಲೀಟರಿಗೇ ಕಲಸಿ. ಅರ್ಧ ಲೋಟಕ್ಕೆ ಇಡೀ ಪೊಟ್ಟಣ ಸುರಿದು ಕುಡಿಸಿದ ಅಪ್ಪ ಒಬ್ಬರು ನಮ್ಮಲ್ಲಿಗೆ ಬಂದಿದ್ರು.

ಹೆಜ್ಜೇನು ಎದ್ರೆ ಕೈ ಬೀಸದೆ ಓಡಿ. ಮುಳ್ಳು ಕಂಡ್ರೆ ತಕ್ಷಣ ಉಗುರಲ್ಲಿ ಕೆರೆದು ತೆಗೀರಿ. ತುಟಿ ಊದೋದು, ಉಸಿರು ಕಟ್ಟೋದು ಕಂಡ್ರೆ ನಿಮ್ಮ ಡಬ್ಬ ಉಪಯೋಗಕ್ಕೆ ಬರಲ್ಲ, ಸೀದಾ ಆಸ್ಪತ್ರೆ.

ಇದೇ ಪ್ರವಾಸ ಜನವರಿಗೆ ಮುಂದೂಡಿದ್ರೆ ಉಂಬಳ ತಪ್ಪುತ್ತೆ, ಉಣುಗು (ಉಣ್ಣೆ ಹುಳ) ತಪ್ಪಲ್ಲ. ಅದು ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಇದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಲ್ಲಿ, ಡಿಸೆಂಬರ್‌ನಿಂದ ಮೇ ಅದರ ಕಾಲ. ಆಗ ಹೋದವರು ಸಂಜೆ ಮಕ್ಕಳ ಕಿವಿ ಹಿಂದೆ, ಕಂಕುಳು, ಮೊಣಕಾಲ ಮಡಿಕೆ ತಡವಿ ನೋಡ್ಬೇಕು. ವಾಪಸ್ ಬಂದು ಒಂದು ವಾರದಲ್ಲಿ ಜ್ವರ ಬಂದ್ರೆ ‘ಮಲೆನಾಡಿನ ಕಾಡಿಗೆ ಹೋಗಿದ್ವಿ’ ಅಂತ ಬೆಂಗಳೂರಿನ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರಾಗೇ ಕೇಳ್ತಾರೆ ಅಂತ ಕಾಯ್ಬೇಡಿ.

ಬರಿಗಾಲ ಭೂಪ:

ಹಗ್ಗದ ಮಾತು ವಾಪಸ್ ತಗೊಂಡೆ ತಾಯಿ. ಸೊಪ್ಪಿನದು ಬಿಡಲ್ಲ.

ಹೊಸನಗರದ ಪಿ.ಟಿ. ಮೇಷ್ಟ್ರು:

ಅಪ್ಪಾವ್ರೇ, ಇನ್ನೊಂದು ಬಿಟ್ಟಿದ್ದೆ. ನೀವು ಸಾಲಿನ ಮುಂದೆ ಇದ್ರೆ ಭಾವ ಕೊನೇಲಿರಲಿ, ಗಾಜ್, ಬ್ಯಾಂಡೇಜು ಇಬ್ಬರ ಚೀಲದಲ್ಲೂ ಇರಲಿ. ಮುಳ್ಳು, ಉಣುಗು ಕೀಳೋಕೆ ಸಪೂರ ತುದಿಯ ಚಿಮಟ ಒಂದು ತಗೊಳ್ಳಿ, ಹುಬ್ಬು ತೀಡೋ ಚಪ್ಪಟೆ ತುದಿಯದ್ದಲ್ಲ.

ಬಸವನಗುಡಿ ಅಪ್ಪ:

ಎಲ್ಲರಿಗೂ ಧನ್ಯವಾದ. ಡಬ್ಬ ಸುರಿದು ನಾಲ್ಕು ಗಂಟು ಮಾಡಿಸಿದೆ. ಮಗಳು ನಿನ್ನೆ ಸಂಜೆ ಅಜ್ಜಿಯ ಕಾಲಿಗೆ ಕ್ರೇಪ್ ಸುತ್ತಿದಳು, ಎಂಟರ ಆಕಾರ ಮೂರನೇ ಸಲಕ್ಕೆ ಬಂತು. ಹೆಬ್ಬೆರಳು ಒತ್ತಿ, ಗಡಿಯಾರ ನೋಡಿ, ‘ಅಜ್ಜಿ, ಬಿಗಿಯಾಯ್ತು’ ಅಂತ ತಾನೇ ಬಿಚ್ಚಿದಳು. ಅಮ್ಮ ಈಗ ಮಂಡಿನೋವಿಗೂ ಕಟ್ಟು ಅಂತ ಹಿಂದೆ ಬಿದ್ದಿದ್ದಾರೆ.