ಅಪ್‌ಡೇಟ್: ಆಕ್ಟೇವಿಯಾ ಆರ್‌ಎಸ್ ಬೇಕೋ, ವರ್ಟಸ್ ಜಿಟಿ ಸಾಕೋ?

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್ ರೀ. ಹೊಸಬರಿಗೆ: 2025ರಲ್ಲಿ ಭಾರತಕ್ಕೆ ಬಂದ 100 ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗಳಲ್ಲಿ ಒಂದು, ಕೊಲ್ಹಾಪುರದ ಎಂಎಚ್ ಪಾಸಿಂಗ್ (ಮಹಾರಾಷ್ಟ್ರದಲ್ಲಿ ನೋಂದಣಿಯಾದ) ಗಾಡಿ, ಶೋರೂಮ್ ದರಕ್ಕಿಂತ ಹೆಚ್ಚಿಗೆ ಕೇಳುತ್ತಿದ್ದಾರೆ, ತಗೊಳ್ಳಲೋ, ಇಲ್ಲಾ ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಸಾಕೋ ಅಂತ ಕೇಳಿದ್ದೆ.

ಆರ್‌ಎಸ್ ಬೇಡ ಅಂತ ತೀರ್ಮಾನ. ಮೊದಲ ಹೊಡೆತ ರೋಡ್ ಟ್ಯಾಕ್ಸ್‌ದು. 2025ರಲ್ಲಿ ಎಕ್ಸ್‌ಶೋರೂಮ್ ಬೆಲೆ 49.99 ಲಕ್ಷ ಇತ್ತು. ಕರ್ನಾಟಕದಲ್ಲಿ ಗಾಡಿ ಬೆಲೆ 20 ಲಕ್ಷ ದಾಟಿದರೆ ಶೇ 18, ಮೇಲೆ ಸೆಸ್. ಹೊಸದಕ್ಕಾದರೆ ಸುಮಾರು 10 ಲಕ್ಷ. ಹಳೆಯದಕ್ಕೆ ವಯಸ್ಸು ನೋಡಿ ಸ್ವಲ್ಪ ಇಳಿಯುತ್ತದೆ. ಬೆಳಗಾವಿ ಆರ್‌ಟಿಒಗೆ ಕೊಲ್ಹಾಪುರದ ಎನ್‌ಒಸಿ ಬೇಕು. ಅಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸಿಗೆ ಬೇರೆ ಅರ್ಜಿ, ಅದರ ಹಿಂದೆ ಬೇರೆ ಓಡಾಟ.

ಎಂಜಿನ್ ಬಗ್ಗೆ ತಕರಾರಿಲ್ಲ: 2 ಲೀಟರ್ ಟರ್ಬೊ, 265 ಪಿಎಸ್ ಶಕ್ತಿ, 370 ಎನ್‌ಎಂ ಟಾರ್ಕ್, 6.4 ಸೆಕೆಂಡಿಗೆ ನೂರು ಕಿ.ಮೀ. ವೇಗ. ಎಂಜಿನ್, ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಭಾಗಗಳು ಫೋಕ್ಸ್‌ವ್ಯಾಗನ್ ಗ್ರೂಪಿನ ಬೇರೆ ಗಾಡಿಗಳಿಗೂ ಹೊಂದುತ್ತವೆ. ಆರ್‌ಎಸ್‌ನದೇ ಬಂಪರ್, ಹೆಡ್‌ಲ್ಯಾಂಪ್, 19 ಇಂಚಿನ ಅಲಾಯ್ ಚಕ್ರ ಒಡೆದರೆ ಮಾತ್ರ ಇಂಪೋರ್ಟ್ ದಾರಿ ಕಾಯಬೇಕು. ಟೈರ್ 225/40, ಅಂದರೆ ಅಗಲ 225 ಮಿ.ಮೀ., ಪಕ್ಕದ ಗೋಡೆ ಅದರ ಶೇ 40, ಬರೇ 90 ಮಿ.ಮೀ. ಮಳೆಗಾಲದ ಚೋರ್ಲಾ ಘಾಟಿನಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದರೆ ಗುಂಡಿಯ ಅಂಚು, ರಿಮ್ ನಡುವೆ ಟೈರ್ ಗೋಡೆ ಸಿಕ್ಕು ಒಳಗಿನ ದಾರ ಹರಿಯಬಹುದು, ಗೋಡೆ ಉಬ್ಬಬಹುದು. ಪಂಕ್ಚರ್ ಹಾಕಿಸಿ ಮುಗಿಸೋ ಕೆಲಸ ಅಲ್ಲ, ಟೈರೇ ಬದಲು. ವರ್ಟಸ್‌ನ 205/55 ಆರ್16ಕ್ಕೆ ಗೋಡೆ 113 ಮಿ.ಮೀ.

‘ನೂರೇ ಗಾಡಿ, ರೇಟು ಬೀಳಂಗಿಲ್ಲ’ ಅಂದವರಿಗೆ: ನೂರು ಇಲ್ಲಿಗೆ ಮಾತ್ರ, ಯುರೋಪಿನಲ್ಲಿ ಇದು ಮಾಮೂಲಿ ಮಾಡೆಲ್. ಹೊಸ ಬ್ಯಾಚ್ ತರಿಸಿದರೆ ಶೋರೂಮ್ ದರದ ಮೇಲೆ ಕೊಟ್ಟ ‘ಆನ್’ ದುಡ್ಡು ಹೋದಂಗೇ.

ವರ್ಟಸ್ 1.5 ಜಿಟಿ, 150 ಪಿಎಸ್, ಡಿಎಸ್‌ಜಿ ಬುಕ್ ಆಯ್ತು.