ಪದಚರ್ಚೆ: ‘ಸೋಸಿ’ ಅಂದರೆ ಇಟ್ಟುಕೊಳ್ಳುವುದೋ, ಬಿಡುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ವಿಚಾರದಲ್ಲಿ ನಿಮ್ಮ ನೆರವು ಬೇಕು. ಹಲವರು ಕೂಡಿ ಕೋಡು ಬರೆಯುವ ತಾಣವಾದ ಗಿಟ್‌ಲ್ಯಾಬ್‌ನ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕ ಒಂದು ಪ್ರಾಜೆಕ್ಟಿನ ಬಳಕೆದಾರರ ಪಟ್ಟಿ ತರಿಸಿಕೊಳ್ಳುವುದು ಹೇಗೆ ಎಂದು ಕನ್ನಡದಲ್ಲಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ, ನಮ್ಮ ಜೊತೆ ಹೊಸದಾಗಿ ಸೇರಿದವರಿಗಾಗಿ. ಅದರಲ್ಲಿ “ಈ ಸಂಖ್ಯೆಗಳ ಬಳಕೆದಾರರನ್ನು ಸೋಸಿ” ಎಂದು ಒಂದು ಸಾಲು ಬರೆದಿದ್ದೆ. ಕರಡು ಓದಿದ ಹುಡುಗಿಯೊಬ್ಬಳು, “ಸರ್, ಸೋಸಿದ ಮೇಲೆ ನನಗೆ ಸಿಗೋದು ಇವರಾ, ಇವರನ್ನ ಬಿಟ್ಟು ಮಿಕ್ಕವರಾ?” ಎಂದು ಕೇಳಿದಳು. ಉತ್ತರ ಹೇಳಲು ನಾನೇ ಮೂಲ ದಾಖಲೆ ತೆರೆದು ನೋಡಬೇಕಾಯಿತು. ಬರೆದವನಿಗೇ ತಿಳಿಯದ ವಾಕ್ಯ ಓದುವವರಿಗೆ ಹೇಗೆ ತಿಳಿದೀತು?

ಸಂಗತಿ ಇಷ್ಟು. ಪ್ರಾಜೆಕ್ಟಿನ ಸಂಖ್ಯೆ ಕೊಟ್ಟು ‘ಯೂಸರ್ಸ್’ ಎಂದು ಕೇಳಿದರೆ ಗಿಟ್‌ಲ್ಯಾಬ್ ಅಲ್ಲಿನವರ ಹೆಸರು, ಬಳಕೆಯ ಹೆಸರು, ಖಾತೆ ಚಾಲ್ತಿಯಲ್ಲಿದೆಯೇ ಎಂಬುದು, ಚಿತ್ರದ ಕೊಂಡಿ ಇವನ್ನೆಲ್ಲ ಕಳಿಸುತ್ತದೆ. ಪಟ್ಟಿ ಕಿರಿದು ಮಾಡಲು ಎರಡು ದಾರಿ ಇವೆ. ‘ಸರ್ಚ್’ ಎಂಬಲ್ಲಿ ಹೆಸರಿನ ಚೂರು ಕೊಟ್ಟರೆ ಹೊಂದುವವರು ಮಾತ್ರ ಬರುತ್ತಾರೆ. ‘ಸ್ಕಿಪ್ ಯೂಸರ್ಸ್’ ಎಂಬಲ್ಲಿ ಬಳಕೆದಾರರ ಗುರುತಿನ ಸಂಖ್ಯೆಗಳನ್ನು ಕೊಟ್ಟರೆ ಆ ಸಂಖ್ಯೆಯವರು ಬರುವುದಿಲ್ಲ, ಉಳಿದವರೆಲ್ಲ ಬರುತ್ತಾರೆ. ಇಂಗ್ಲಿಷಿನವರು ಎರಡಕ್ಕೂ ‘ಫಿಲ್ಟರ್’ ಎಂದು, ಎರಡನೆಯದರ ಬಾಲಕ್ಕೆ ಒಂದು ‘ಔಟ್’ ಅಂಟಿಸಿ ಮುಗಿಸಿದ್ದಾರೆ. ಆ ‘ಔಟ್’ ನನ್ನ ಕೈಯಲ್ಲಿ ಕಳೆದುಹೋಗಿತ್ತು.

ನಿಘಂಟಿಗಿಂತ ಮೊದಲು ಅಡುಗೆಮನೆಗೆ ಹೋದೆ. ಡಿಕಾಕ್ಷನ್ ಸೋಸಿದರೆ ಕೆಳಗಿಳಿದದ್ದು ನಮಗೆ, ಮೇಲುಳಿದ ಚರಟ ಗಿಡದ ಬುಡಕ್ಕೆ. ಮೆಂತ್ಯದ ಸೊಪ್ಪು ಸೋಸಿದರೆ ಕೈ ಬಿಡಿಸಿದ ಎಲೆ ನಮಗೆ, ಉಳಿದ ದಂಟು ದನಕ್ಕೆ. ಜರಡಿ ಹಿಡಿಯುವುದರಲ್ಲಂತೂ ಇನ್ನೂ ತಮಾಷೆ: ಬೇಕಾದದ್ದು ಹಿಟ್ಟಾದರೆ ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳುತ್ತೇವೆ, ರವೆಯಾದರೆ ಮೇಲೆ ನಿಂತದ್ದನ್ನು. ಜರಡಿ ಅದೇ, ಕೈ ಅದೇ. ಕೇರುವುದರಲ್ಲಿ ಮಾತ್ರ ಗೊಂದಲವಿಲ್ಲ, ಕಾಳು ಮೊರದಲ್ಲಿ ಉಳಿಯುತ್ತದೆ, ಹೊಟ್ಟು ಹಾರಿಹೋಗುತ್ತದೆ. ಆದರೆ “ಬಳಕೆದಾರರನ್ನು ಕೇರಿ” ಎಂದು ಬರೆಯುವ ಧೈರ್ಯ ನನಗಿಲ್ಲ.

ಇಷ್ಟು ನೋಡಿದ ಮೇಲೆ ಹೊಳೆದದ್ದು, ತಪ್ಪಿರುವುದು ಕ್ರಿಯಾಪದದಲ್ಲಲ್ಲ, ಅದರ ಕರ್ಮದಲ್ಲಿ ಎಂದು. ನಾವು ಹಾಲನ್ನು ಸೋಸುತ್ತೇವೆ, ಸೊಪ್ಪನ್ನು ಸೋಸುತ್ತೇವೆ. ಅಂದರೆ ಬೇಕಾದದ್ದು ಬೇಡವಾದದ್ದು ಎರಡೂ ಬೆರೆತಿರುವ ಒಟ್ಟು ಪದಾರ್ಥಕ್ಕೆ ‘ಅನ್ನು’ ಹತ್ತುತ್ತದೆ. “ಚರಟವನ್ನು ಸೋಸು” ಎಂದು ನಮ್ಮ ಮನೆಯಲ್ಲಂತೂ ಯಾರೂ ಹೇಳುವುದಿಲ್ಲ. “ಸೋಸಿ ತೆಗೆ” ಎಂದು ‘ತೆಗೆ’ ಸೇರಿಸಿದಾಗ ಮಾತ್ರ ಕಸವೂ ಕರ್ಮವಾಗಬಲ್ಲದು. ಹಾಗಾದರೆ “ಬಳಕೆದಾರರನ್ನು ಸೋಸಿ” ಎಂಬುದೇ ಸರಿಯಾದ ಕನ್ನಡವಲ್ಲ, ಸೋಸಬೇಕಾದದ್ದು ಪಟ್ಟಿಯನ್ನು. ‘ಆರಿಸು’ ಹೀಗಲ್ಲ. ಅಕ್ಕಿ ಆರಿಸು ಅಂದರೂ ಕಲ್ಲು ಆರಿಸು ಅಂದರೂ ಮೊರದ ಮುಂದೆ ಕೂತು ಮಾಡುವ ಕೆಲಸ ಒಂದೇ. ಅದೇ ಕ್ರಿಯಾಪದದಿಂದ ಶಾಸಕರನ್ನೂ ಆರಿಸುತ್ತೇವೆ, ಅಲ್ಲಿ ಯಾರು ಅಕ್ಕಿ ಯಾರು ಕಲ್ಲು ಎಂಬ ಚರ್ಚೆ ಈ ಬಳಗದ ವ್ಯಾಪ್ತಿಗೆ ಬರುವುದಿಲ್ಲ.

‘ಶೋಧಿಸು’ ಯಾಕಾಗಬಾರದು ಎಂದು ಕೇಳುವಿರಿ. ಹಾಲು ಶೋಧಿಸು, ಕಾಫಿ ಶೋಧಿಸು ಎಂಬ ಬಳಕೆ ಹಳೆಯದು, ಸಂಸ್ಕೃತದ ‘ಶುಧ್’ ಧಾತುವಿಗೆ ಶುದ್ಧಿಯೇ ಅರ್ಥ. ಆದರೆ ಹುಡುಕುವುದಕ್ಕೂ ಅದೇ ಪದ, ಈಗಂತೂ ಅಂತರ್ಜಾಲದಲ್ಲಿ ‘ಶೋಧ’ ಎಂದರೆ ಹುಡುಕಾಟವೇ. ಒಂದೇ ಪುಟದಲ್ಲಿ ‘ಸರ್ಚ್’ ಕೂಡ ಶೋಧ, ‘ಫಿಲ್ಟರ್’ ಕೂಡ ಶೋಧ ಎಂದಾದರೆ ಆ ಹುಡುಗಿ ಮತ್ತೆ ನನ್ನ ಬಳಿಗೇ ಬರುತ್ತಾಳೆ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು: ಒಟ್ಟು ಕೆಲಸಕ್ಕೆ “ಪಟ್ಟಿ ಸೋಸುವುದು” ಎನ್ನುವುದು, ಯಾವ ಕಡೆಗೆ ಎಂಬುದನ್ನು ‘ಮಾತ್ರ’ ಮತ್ತು ‘ಬಿಟ್ಟು’ ಎಂಬ ನಮ್ಮ ಎರಡು ಸಣ್ಣ ಪದಗಳಿಗೆ ವಹಿಸುವುದು. “ಹೆಸರಿನಲ್ಲಿ ‘ರವಿ’ ಇರುವವರು ಮಾತ್ರ.” “17 ಮತ್ತು 42ನೇ ಸಂಖ್ಯೆಯವರನ್ನು ಬಿಟ್ಟು ಉಳಿದವರು.” “ಅವನೊಬ್ಬನನ್ನು ಬಿಟ್ಟು ಎಲ್ಲರೂ ಊಟಕ್ಕೆ ಬಂದರು” ಎಂಬ ಮಾತು ತಿಳಿದವರಿಗೆ ‘ಸ್ಕಿಪ್ ಯೂಸರ್ಸ್’ ವಿವರಿಸಬೇಕಾಗಿಲ್ಲ. ವಿಕಿಪೀಡಿಯ ನಡೆಯುವ ತಂತ್ರಾಂಶವಾದ ಮೀಡಿಯಾವಿಕಿಯ ಎಪಿಐಗೂ ಇದು ಹೊಂದುತ್ತದೆ. ಅಲ್ಲಿ ಒಂದು ಗುಂಪಿನವರನ್ನು ಮಾತ್ರ ಕೇಳಬಹುದು, ಇಲ್ಲವೇ ಒಂದು ಗುಂಪಿನವರನ್ನು ಬಿಟ್ಟು ಕೇಳಬಹುದು, ಎರಡನ್ನೂ ಒಟ್ಟಿಗೆ ಕೇಳಿದರೆ ಆಗುವುದಿಲ್ಲ ಎನ್ನುತ್ತದೆ.

ಮೀಡಿಯಾವಿಕಿ ಎಂದಾಗ ಇನ್ನೊಂದು ತೊಡಕು ನೆನಪಾಯಿತು. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ‘ಯೂಸರ್’ಗೆ ‘ಸದಸ್ಯ’ ಎಂದೇ ಹೆಸರು. ಪ್ರತಿಯೊಬ್ಬರ ಪುಟದ ಶೀರ್ಷಿಕೆಯೂ “ಸದಸ್ಯ:” ಎಂದು ಶುರುವಾಗುತ್ತದೆ. ಅಲ್ಲಿ ಅದು ಸೊಗಸಾಗಿದೆ, ‘ಬಳಕೆದಾರ’ ಎಂಬುದಕ್ಕಿಲ್ಲದ ಆತ್ಮೀಯತೆ ಅದಕ್ಕಿದೆ. (ಬಳಕೆದಾರ, ಗುತ್ತಿಗೆದಾರ, ಹೂಡಿಕೆದಾರ, ಇವುಗಳ ಬಾಲದ ಪಾರಸಿ ‘ದಾರ’ಕ್ಕೆ ಉಳ್ಳವನು, ಹಿಡಿದವನು ಎಂದು ಅರ್ಥ. ಖಾತೆ ತೆರೆದು ಮರೆತವನು ಏನನ್ನು ಹಿಡಿದಿದ್ದಾನೋ!) ಆದರೆ ಗಿಟ್‌ಲ್ಯಾಬ್‌ನಲ್ಲಿ ‘ಯೂಸರ್ಸ್’ ಪಟ್ಟಿ ಬೇರೆ, ‘ಮೆಂಬರ್ಸ್’ ಪಟ್ಟಿ ಬೇರೆ. ಎರಡನೆಯದರಲ್ಲಿ ಪ್ರತಿಯೊಬ್ಬರ ಅಧಿಕಾರದ ಮಟ್ಟವೂ ಬರುತ್ತದೆ: ಅತಿಥಿಗೆ 10, ಕೋಡು ಬರೆಯುವವರಿಗೆ 30, ಒಡೆಯರಿಗೆ 50, ಹೀಗೆ. ಹಾಗಾಗಿ ಇಲ್ಲಿ ಯೂಸರ್ ಬಳಕೆದಾರ, ಮೆಂಬರ್ ಸದಸ್ಯ ಎಂದು ಗೆರೆ ಎಳೆಯಲೇಬೇಕು. ವಿಕಿಯಿಂದ ಬಂದವರಿಗೆ ಇದು ಮೊದಮೊದಲು ಕಿರಿಕಿರಿಯಾಗುತ್ತದೆ, ನನಗೂ ಆಗಿದೆ.

ಸದಸ್ಯರಲ್ಲೂ ಎರಡು ಬಗೆ. ನೇರವಾಗಿ ಆ ಪ್ರಾಜೆಕ್ಟಿಗೇ ಸೇರಿದವರು ಒಂದು, ಅದರ ಮೇಲಿನ ಗುಂಪಿನಲ್ಲಿ ಇರುವುದರಿಂದ ತಾನಾಗಿ ಹಕ್ಕು ಇಳಿದುಬಂದವರು ಇನ್ನೊಂದು. ಸುಮ್ಮನೆ ‘ಮೆಂಬರ್ಸ್’ ಎಂದರೆ ಮೊದಲಿನವರಷ್ಟೇ, ಕೊನೆಗೆ ‘ಆಲ್’ ಎಂದು ಸೇರಿಸಿದರೆ ಇಬ್ಬರೂ. ಸ್ನೇಹಿತರೊಬ್ಬರು ಇವರಿಗೆ ಸ್ವಯಾರ್ಜಿತ ಸದಸ್ಯರು, ಪಿತ್ರಾರ್ಜಿತ ಸದಸ್ಯರು ಎಂದು ಕರೆಯೋಣ ಎಂದರು. ನಕ್ಕೆವು, ಆಮೇಲೆ ಅಷ್ಟು ಕೆಟ್ಟದ್ದೂ ಅಲ್ಲ ಅನ್ನಿಸಿತು. ಆಸ್ತಿ ಪಾಲಿನ ಮಾತು ಗೊತ್ತಿರುವ ಯಾರಿಗಾದರೂ ಒಂದೇ ಏಟಿಗೆ ಅರ್ಥವಾಗುತ್ತದೆ. ಆದರೂ ಕೈಪಿಡಿಯಲ್ಲಿ “ಮೇಲಿನ ಗುಂಪಿನಿಂದ ಬಂದವರು” ಎಂದೇ ಉಳಿಸಿದ್ದೇನೆ.

ಇನ್ನು ಪಟ್ಟಿ ತರಿಸಿಕೊಳ್ಳುವುದಕ್ಕೆ, ಇಂಗ್ಲಿಷಿನ ‘ರಿಟ್ರೀವ್’ಗೆ, ‘ಹಿಂಪಡೆ’ ಎಂಬುದನ್ನು ಮಾತ್ರ ದಯವಿಟ್ಟು ಯಾರೂ ಸೂಚಿಸಬೇಡಿ. “ಬಳಕೆದಾರರ ಪಟ್ಟಿಯನ್ನು ಹಿಂಪಡೆಯಿರಿ” ಎಂದು ಓದಿದರೆ ನನಗೆ ನಾಮಪತ್ರ ಹಿಂಪಡೆದ ಬಂಡಾಯ ಅಭ್ಯರ್ಥಿಯ ಮುಖವೇ ಕಣ್ಣ ಮುಂದೆ ಬರುತ್ತದೆ. ‘ತರಿಸು’ ಸಾಕು. ಸರ್ವರ್‌ಗೆ ಹೇಳಿ ತರಿಸುತ್ತೇವೆ, ಅದು ಒಮ್ಮೆಗೆ 20 ಹೆಸರು ತರುತ್ತದೆ, ಕೇಳಿಕೊಂಡರೆ 100ರವರೆಗೆ, ಉಳಿದದ್ದು ಮುಂದಿನ ಪುಟಕ್ಕೆ. ಮೊದಲ ಸಲ ಸರಿಯಾಗಿ 20 ಜನರಷ್ಟೇ ಬಂದಾಗ ನನ್ನ ಸೋಸುವಿಕೆ ಫಲಿಸಿತೆಂದು ಹಿಗ್ಗಿದ್ದೆ, ಅದು ಪುಟದ ಮಿತಿ ಅಷ್ಟೇ.

ಈಗ ಪ್ರಶ್ನೆ. ಬೇಡವಾದದ್ದನ್ನೇ ಕರ್ಮವಾಗಿಟ್ಟು, ಅಂದರೆ “ಕಸ ಸೋಸು” ಎಂಬ ಧಾಟಿಯಲ್ಲಿ, ‘ತೆಗೆ’ ಇಲ್ಲದೆ ಹೇಳುವ ರೂಢಿ ನಿಮ್ಮ ಕಡೆ ಇದೆಯೇ? ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರ, ಮಂಗಳೂರು ಕಡೆಯವರು ಮನೆಮಾತಿನಲ್ಲಿ ಹೇಗೆ ಅನ್ನುತ್ತಾರೋ ಹಾಗೆಯೇ ಬರೆದು ತಿಳಿಸಿ, ತಿದ್ದಿ ಬರೆಯಬೇಡಿ. ಸಾಧ್ಯವಾದರೆ ಯಾವ ಪದಾರ್ಥಕ್ಕೆ ಹಾಗೆ ಹೇಳುತ್ತೀರಿ ಎಂಬುದನ್ನೂ. ಎರಡನೆಯದು, ‘ಫಿಲ್ಟರ್’ ನಾಮಪದವಾಗಿ ಬಂದಾಗ, ಅಂದರೆ ಪರದೆಯ ಮೇಲಿನ ಗುಂಡಿಗೆ, ನಾನು ‘ಜರಡಿ’ ಎಂದು ಹಾಕಿದ್ದೇನೆ. ಆ ಹುಡುಗಿಗೆ ಅದು ಇಷ್ಟವಾಗಿಲ್ಲ, “ಫಿಲ್ಟರ್ ಅಂತಲೇ ಇರಲಿ ಸರ್” ಅನ್ನುತ್ತಾಳೆ. ನಿಮ್ಮ ಓಟು ಯಾರಿಗೆ?