ಗುಡ್ಡದ ಮನೆ, ಈಶಾನ್ಯದ ಒಣ ಗಾಳಿ: ಸೆಪ್ಟೆಂಬರ್‌ನಲ್ಲಿ ಓಕ್ಲೆಂಡ್‌ಗೆ ಅಪ್ಪ ಅಮ್ಮ ಬರುವ ಮುನ್ನ

ಕೇಳಿದ್ದು: ನಾವು ಈಚೆಗೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡದ ಮೇಲಿನ ಬಾಡಿಗೆ ಮನೆಗೆ ಬಂದಿದ್ದೇವೆ. ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಸೆಪ್ಟೆಂಬರ್‌ನಲ್ಲಿ ಬಂದು, ದೀಪಾವಳಿ ಮುಗಿಸಿಕೊಂಡು ಹೊರಡುವವರಿದ್ದಾರೆ. ಅಪ್ಪನಿಗೆ ಉಬ್ಬಸವಿದೆ. ಸಮುದ್ರದ ಪಕ್ಕದ ತಂಪು ಊರು, ಏಸಿಯೂ ಬೇಡ ಎಂದು ಎಲ್ಲರೂ ಹೇಳಿದ್ದರು. ಈಗ ನೆರೆಯವರು ಬೆಂಕಿಯ ಹಂಗಾಮು, ರೆಡ್ ಫ್ಲ್ಯಾಗ್ ಎಂದು ಮಾತನಾಡುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬರ್ಕ್ಲಿಯಿಂದ: ಮಲೆನಾಡಿನವರಿಗೆ ಭಾದ್ರಪದ, ಆಶ್ವಯುಜ ಮಾಸಗಳೆಂದರೆ ಗದ್ದೆ ಹಸಿರಾಗಿ ಹಳ್ಳ ತುಂಬಿ ಹರಿಯುವ ಕಾಲ, ಕಾಡ್ಗಿಚ್ಚಿನ ಭಯವೇನಿದ್ದರೂ ಶಿವರಾತ್ರಿ ಕಳೆದ ಮೇಲೆ. ಇಲ್ಲಿ ಆ ಲೆಕ್ಕ ಪೂರ್ತಿ ತಲೆಕೆಳಗು. ಮೇ ತಿಂಗಳಿಂದಾಚೆಗೆ ಮಳೆ ಬೀಳುವುದೇ ಅಪರೂಪವಾದ್ದರಿಂದ, ನಿಮ್ಮ ತಂದೆ ತಾಯಿ ಬಂದಿಳಿಯುವ ಹೊತ್ತಿಗೆ ಗುಡ್ಡದ ಹುಲ್ಲು, ಕುರುಚಲು, ನೀಲಗಿರಿ ತೊಗಟೆ ಎಲ್ಲವೂ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿರುತ್ತವೆ. ಮೊದಲ ಒಳ್ಳೆಯ ಮಳೆ ಬೀಳುವವರೆಗೂ, ಅದು ಕೆಲವು ವರ್ಷ ನವೆಂಬರ್‌ವರೆಗೆ ಸುಳಿಯುವುದಿಲ್ಲ, ಈ ಸ್ಥಿತಿ ಹೀಗೆಯೇ ಇರುತ್ತದೆ.

ಜೂನ್, ಜುಲೈನಲ್ಲಿ ಒಳನಾಡಿನ ಕಣಿವೆ ಕಾದು, ಸಮುದ್ರದ ತಣ್ಣನೆಯ ಗಾಳಿಯನ್ನೂ ಮಂಜನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ತಂಪು ಊರು ಎಂಬ ಮಾತು ಆ ತಿಂಗಳುಗಳಿಗೆ ನಿಜ. ಶರತ್ಕಾಲದಲ್ಲಿ ನೆವಾಡಾ ಕಡೆಯ ಎತ್ತರದ ಪ್ರದೇಶದ ಮೇಲೆ ವಾಯುಭಾರ ಹೆಚ್ಚಿದಾಗ ಗಾಳಿ ದಿಕ್ಕು ಬದಲಿಸಿ, ನೆಲದಿಂದ ಸಮುದ್ರದ ಕಡೆಗೆ ಬೀಸತೊಡಗುತ್ತದೆ. ಇಲ್ಲಿಯವರು ಇದನ್ನು ಡಯಾಬ್ಲೊ ಗಾಳಿ ಎನ್ನುತ್ತಾರೆ. ಬೆಟ್ಟದ ಸಾಲು ದಾಟಿ ಕೆಳಗಿಳಿಯುವಾಗ ಅದು ಒತ್ತಲ್ಪಟ್ಟು, ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ, ಮೊದಲೇ ಒಣಗಿದ್ದುದು ಇನ್ನಷ್ಟು ಒಣಗುತ್ತದೆ. ಸಮುದ್ರದ ಗಾಳಿ ಹಿಂದೆ ಸರಿದರೆ ಕರಾವಳಿ ಎಷ್ಟು ಕಾಯಬಲ್ಲದು ಎಂಬುದಕ್ಕೆ 2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ನಡುವೆಯೇ ದಾಖಲಾದ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್, ಸಾಕ್ಷಿ.

ಆದರೂ ಉಷ್ಣಮಾಪಕವೊಂದನ್ನೇ ನೋಡುತ್ತ ಕೂರಬೇಡಿ. ಗಾಳಿಯ ದಿಕ್ಕು ಮತ್ತು ತೇವಾಂಶವನ್ನು ನೋಡಿ, ಅದರಲ್ಲೂ ರಾತ್ರಿಯ ಹೊತ್ತು ನೋಡಿ. ಸಾಮಾನ್ಯ ರಾತ್ರಿಗಳಲ್ಲಿ ಮಂಜು ಮೇಲೇರಿ ಗುಡ್ಡ ಒದ್ದೆಯಾಗುತ್ತದೆ. ಡಯಾಬ್ಲೊ ಬೀಸುವ ರಾತ್ರಿಗಳಲ್ಲಿ ಅದು ನಡೆಯುವುದಿಲ್ಲ, ಗಾಳಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಗುಡ್ಡದ ನೆತ್ತಿಯಲ್ಲೇ ಹೆಚ್ಚು ಜೋರಾಗಿರುತ್ತದೆ. ಬೆಂಕಿ ಬೇಗ ಹಬ್ಬುವಂಥ ಹವೆ ಬರಬಹುದು ಎನಿಸಿದಾಗ ರಾಷ್ಟ್ರೀಯ ಹವಾಮಾನ ಸೇವೆ ಮೊದಲು ಫೈರ್ ವೆದರ್ ವಾಚ್ ಎಂದು ಸೂಚಿಸಿ, ಪರಿಸ್ಥಿತಿ ಖಚಿತವಾದಾಗ ರೆಡ್ ಫ್ಲ್ಯಾಗ್ ವಾರ್ನಿಂಗ್ ಹೊರಡಿಸುತ್ತದೆ. ನಿಮ್ಮದೇ ಗುಡ್ಡದಲ್ಲಿ, 1991ರ ಅಕ್ಟೋಬರ್ 20ರಂದು, ಹಿಂದಿನ ದಿನ ಆರಿಸಿದ್ದ ಸಣ್ಣ ಹುಲ್ಲಿನ ಬೆಂಕಿ ಇಂಥ ಗಾಳಿಗೆ ಮತ್ತೆ ಹೊತ್ತಿಕೊಂಡು, 25 ಜನ ತೀರಿಕೊಂಡರು, ಸುಮಾರು 3,000 ಮನೆಗಳು ಸುಟ್ಟವು. ಕಿರಿದಾದ ತಿರುವು ರಸ್ತೆಗಳಲ್ಲಿ ಕಾರುಗಳು ಸಿಕ್ಕಿಕೊಂಡವು. ಆ ರಸ್ತೆಗಳಲ್ಲಿ ಬಹಳಷ್ಟು ಇಂದಿಗೂ ಅಷ್ಟೇ ಅಗಲವಿವೆ.

ಮನೆ ಹೊತ್ತಿಕೊಳ್ಳುವುದು ಹೆಚ್ಚಾಗಿ ಜ್ವಾಲೆ ಬಂದು ತಾಗಿ ಅಲ್ಲ. ದೂರದಿಂದ ಗಾಳಿಯಲ್ಲಿ ಹಾರಿಬರುವ ಕೆಂಡದ ಚೂರುಗಳಿಂದ. ಆದ್ದರಿಂದ ಗೋಡೆಯಿಂದ ಮೊದಲ 5 ಅಡಿ ಬಹಳ ಮುಖ್ಯ. ನಮ್ಮವರ ಮನೆಗಳ ಬಾಗಿಲಲ್ಲಿ ನಾನು ಪದೇ ಪದೇ ನೋಡುವುದನ್ನು ಹೇಳುತ್ತೇನೆ: ಗಣೇಶನ ಹಬ್ಬಕ್ಕೆ ಕಟ್ಟಿದ ಮಾವಿನ ತೋರಣ ಒಣಗಿ ಸುರುಟಿಕೊಂಡು ಅಕ್ಟೋಬರ್‌ವರೆಗೂ ಮರದ ಚೌಕಟ್ಟಿನಲ್ಲೇ ತೂಗುತ್ತಿರುತ್ತದೆ, ಅದರ ಕೆಳಗೆ ತೆಂಗಿನ ನಾರಿನ ಮ್ಯಾಟು, ಪಕ್ಕದಲ್ಲಿ ಚಪ್ಪಲಿಯ ರಟ್ಟಿನ ಡಬ್ಬಿಗಳು. ಕೆಂಡವೊಂದು ಬಂದು ಕೂರಲು ಇದಕ್ಕಿಂತ ಅನುಕೂಲವಾದ ಜಾಗ ಬೇಕಿಲ್ಲ. ಹಬ್ಬ ಮುಗಿದ ಮಾರನೆಯ ದಿನವೇ ತೋರಣ ಬಿಚ್ಚಿ, ಮ್ಯಾಟು ಒಳಗಿಡಿ. ಸೂರಿನ ಗಟರ್‌ನಲ್ಲಿ ಎಲೆ ತುಂಬಿದ್ದರೆ, ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಇಲ್ಲದಿದ್ದರೆ, ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ನಿಮ್ಮ ಸಾಮಾನಿಗೆ ಬಾಡಿಗೆದಾರರ ವಿಮೆಯನ್ನು ಈಗಲೇ ಮಾಡಿಸಿ.

ಸ್ಯಾಂಟಾ ರೋಸಾದಿಂದ: ಮೇಲಿನವರು ಬರೆದದ್ದಕ್ಕೆ ಹೊರಡುವ ವಿಷಯವನ್ನು ಸೇರಿಸುತ್ತೇನೆ. 2017ರ ಅಕ್ಟೋಬರ್ 8ರ ರಾತ್ರಿ ಕ್ಯಾಲಿಸ್ಟೋಗಾ ಬಳಿ ಹೊತ್ತಿದ ಟಬ್ಸ್ ಬೆಂಕಿ ಬೆಳಗಾಗುವ ಮೊದಲೇ ನಮ್ಮ ಊರಿಗೆ ಬಂದಿತ್ತು. ಗುಡ್ಡದಲ್ಲಿದ್ದವರಿಗೆ ಮಾತ್ರ ಅಪಾಯ ಎಂದುಕೊಂಡಿದ್ದವರ ಕಣ್ಣೆದುರೇ ಅದು ಅಗಲವಾದ 101 ಹೆದ್ದಾರಿಯನ್ನು ದಾಟಿ, ಸಮತಟ್ಟಾದ ಕಾಫಿ ಪಾರ್ಕ್ ಬಡಾವಣೆಯನ್ನು ಸುಟ್ಟಿತು. ಆ ಬೆಂಕಿಗೆ 22 ಜನ ಬಲಿಯಾದರು. ಹಲವರನ್ನು ಎಬ್ಬಿಸಿದ್ದು ನೆರೆಯವರು ಬಾಗಿಲು ಬಡಿದ ಸದ್ದು. ಹಾಗಾಗಿ ಅಕ್ಕಪಕ್ಕದ ಎರಡು ಮನೆಯವರ ದೂರವಾಣಿ ಸಂಖ್ಯೆ ನಿಮ್ಮಲ್ಲಿರಲಿ, ಕೌಂಟಿಯ ತುರ್ತು ಸಂದೇಶಕ್ಕೆ ನೋಂದಾಯಿಸಿ, ತಂದೆ ತಾಯಿಗೆ ಇಲ್ಲಿಯ ಸಿಮ್ ಕೊಡಿಸಿ, ರೆಡ್ ಫ್ಲ್ಯಾಗ್ ರಾತ್ರಿಗಳಲ್ಲಿ ಫೋನನ್ನು ಸೈಲೆಂಟ್ ಮಾಡಬೇಡಿ.

ಇವಾಕ್ಯುಯೇಷನ್ ವಾರ್ನಿಂಗ್ ಎಂದರೆ ಸಿದ್ಧರಾಗಿ ಎಂದು, ಆರ್ಡರ್ ಎಂದರೆ ಈಗಲೇ ಹೊರಡಿ ಎಂದು. ವಯಸ್ಸಾದವರು ಮನೆಯಲ್ಲಿದ್ದರೆ ವಾರ್ನಿಂಗ್ ಬಂದಾಗಲೇ ಹೊರಡಬೇಕು. ಇನ್ನೂ ಒಳ್ಳೆಯದನ್ನು ಹೇಳುವುದಾದರೆ, ಜೋರು ಗಾಳಿಯ ಮುನ್ಸೂಚನೆ ಇದ್ದ ರಾತ್ರಿ ಫ್ರೀಮಾಂಟ್‌ನಂಥ ಕೆಳಗಿನ ಊರಿನಲ್ಲಿರುವ ಸ್ನೇಹಿತರ ಮನೆಗೆ ಹೋಗಿ ಮಲಗಿ. ಹೋಗುವುದು ಏನೂ ಆಗದಿರುವಾಗ ಸುಲಭ. ಹೊಗೆ ತುಂಬಿದ ಕತ್ತಲಲ್ಲಿ, ಮಂಡಿ ನೋವಿನ ಅಮ್ಮನನ್ನೂ ಏದುಸಿರಿನ ಅಪ್ಪನನ್ನೂ ಕಾರಿಗೆ ಹತ್ತಿಸುವುದು ಬೇರೆಯೇ ವಿಷಯ.

ಗಾಳಿ ಜೋರಾಗುವ ಮುನ್ಸೂಚನೆ ಇದ್ದಾಗ ವಿದ್ಯುತ್ ಕಂಪನಿಯವರು ತಂತಿಯಿಂದ ಕಿಡಿ ಹಾರದಿರಲೆಂದು ಕರೆಂಟ್ ತೆಗೆಯುವುದುಂಟು. ಆಗ, ಮೋಟಾರಿಗೆ ಬ್ಯಾಟರಿ ಇಲ್ಲದಿದ್ದರೆ, ಗ್ಯಾರೇಜಿನ ಬಾಗಿಲು ಗುಂಡಿ ಒತ್ತಿದರೆ ತೆರೆಯುವುದಿಲ್ಲ. ಒಳಗೆ ಮೇಲಿನ ಹಳಿಯಿಂದ ತೂಗುವ, ಸಾಮಾನ್ಯವಾಗಿ ಕೆಂಪು ಹಿಡಿಯಿರುವ ಹಗ್ಗವನ್ನು ಜಗ್ಗಿ, ಮೋಟಾರಿನಿಂದ ಬಾಗಿಲನ್ನು ಬಿಡಿಸಿ, ಎರಡೂ ಕೈಯಿಂದ ಮೇಲೆತ್ತಬೇಕು. ಕೆಲವು ಬಾಗಿಲು ಬಲು ಭಾರ. ನೀವು ಕೆಲಸಕ್ಕೆ ಹೋದಾಗ ಅಪ್ಪನಿಗೆ ಎತ್ತಲು ಆಗುವುದೇ ಎಂದು ಮೊದಲೇ ನೋಡಿ, ಆಗದಿದ್ದರೆ ಕಾರನ್ನು ಹೊರಗೆ, ರಸ್ತೆಗೆ ಮುಖ ಮಾಡಿ ನಿಲ್ಲಿಸಿ. ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಇಬ್ಬರ ಔಷಧಿ ಚೀಟಿಗಳ ನಕಲು ಒಂದೇ ಚೀಲದಲ್ಲಿರಲಿ. ಗುಡ್ಡ ಇಳಿಯುವ ಎರಡು ದಾರಿಗಳಲ್ಲಿ ಹಗಲು ಹೊತ್ತು ಅವರನ್ನು ಕರೆದುಕೊಂಡು ಹೋಗಿ ಬನ್ನಿ.

ಸ್ಯಾನ್ ಹೋಸೆಯಿಂದ: ನಮ್ಮ ಮಾವನವರಿಗೂ ಉಬ್ಬಸವಿರುವುದರಿಂದ ಹೊಗೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಬೆಂಕಿ ನೂರಾರು ಮೈಲಿ ದೂರವಿದ್ದರೂ ಹೊಗೆ ಬರುತ್ತದೆ. ಆಕಾಶದ ಬಣ್ಣ ನೋಡಿ ತೀರ್ಮಾನಿಸಬೇಡಿ: 2020ರ ಸೆಪ್ಟೆಂಬರ್ 9ರಂದು ಹಗಲೇ ಕಿತ್ತಳೆ ಬಣ್ಣದ ಕತ್ತಲೆ ಕವಿದಾಗ ಹೊಗೆ ಬಹುಪಾಲು ಮೇಲೆ, ಸಮುದ್ರದ ಮಂಜಿನ ಪದರದಾಚೆ ಇತ್ತು, ಅದು ಕೆಳಗಿಳಿದು ಉಸಿರಾಟ ಕಷ್ಟವಾದದ್ದು ನಂತರದ ದಿನಗಳಲ್ಲಿ. ಏರ್‌ನೌ ತಾಣದಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ, 100 ದಾಟಿದರೆ ಅವರ ಬೆಳಗಿನ ವಾಕಿಂಗ್ ನಿಲ್ಲಿಸಿ. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡರೆ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ. ಎನ್‌95 ಮಾಸ್ಕ್ ಬೇಕು, ಅದೂ ಮುಖಕ್ಕೆ ಸರಿಯಾಗಿ ಕೂರಬೇಕು.

ಸೆಕೆ ಮತ್ತು ಹೊಗೆ ಒಟ್ಟಿಗೆ ಬರುವ ದಿನ ಕಿಟಕಿ ತೆರೆಯುವಂತಿಲ್ಲ, ಮುಚ್ಚಿದರೆ ಮನೆ ಕಾಯುತ್ತದೆ. ಆದ್ದರಿಂದ ಒಂದು ಮಲಗುವ ಕೋಣೆಗಾದರೂ ಏಸಿ ಮತ್ತು ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರವನ್ನು ಆಗಸ್ಟ್‌ನಲ್ಲೇ ತಂದಿಡಿ; ಹೊಗೆ ಬಂದ ಮೇಲೆ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆ ದಿನಗಳಲ್ಲಿ ಊದುಬತ್ತಿ, ಧೂಪ, ಕರಿಯುವುದು, ಮೆಣಸಿನಕಾಯಿಯ ಒಗ್ಗರಣೆ ಬೇಡವೆಂದು ಅಮ್ಮನಿಗೆ ಮೊದಲೇ ವಿವರಿಸಿ ಹೇಳಿ, ಏಕೆಂದರೆ ಒಳಗಿನ ಗಾಳಿಯೂ ಅದರಿಂದಲೇ ಕೆಡುತ್ತದೆ. ಓಕ್ಲೆಂಡ್‌ನಲ್ಲಿ ಪಟಾಕಿ ಹೊಡೆಯುವುದು ಕಾನೂನುಬಾಹಿರ. ದೀಪಾವಳಿಗೆ ಮಳೆ ಬಂದಿರದಿದ್ದರೆ ಹಣತೆಗಳನ್ನು ಮನೆಯೊಳಗೆ ದೇವರ ಮುಂದೆ ಮಾತ್ರ ಹಚ್ಚಿ, ಡೆಕ್ಕಿಗೂ ಮೆಟ್ಟಿಲಿಗೂ ಬ್ಯಾಟರಿಯ ದೀಪಗಳನ್ನು ಇಡಿ. ತಂದೆಯವರು ಊರು ಬಿಡುವ ಮುನ್ನ ಅವರ ವೈದ್ಯರಿಂದ ಉಬ್ಬಸ ಜೋರಾದರೆ ಯಾವ ಇನ್‌ಹೇಲರ್ ಎಷ್ಟು ಸಲ ತೆಗೆದುಕೊಳ್ಳಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಬರೆಸಿಕೊಂಡು, ಪೂರ್ತಿ ಅವಧಿಗೆ ಸಾಕಾಗುವಷ್ಟು ಔಷಧಿಯನ್ನು ಕೈಚೀಲದಲ್ಲೇ ತರಲಿ.